ಜಾಹೀರಾತು ಬರುವವರೆಗೆ

ನಲವತ್ತು ವರ್ಷ ಬಾಳಿದ ಮನೆಯನ್ನು ಖಾಲಿ ಮಾಡಲು ಹನ್ನೊಂದು ದಿನ ಸಾಕು ಎಂದು ಮಗ ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದ. ಪುಣೆಯಲ್ಲಿ ಕುಳಿತವನಿಗೆ ಲೆಕ್ಕ ಸುಲಭ. ಮೊದಲ ಎರಡು ದಿನ ಅಡಿಗೆಮನೆ, ಆಮೇಲೆ ಬಟ್ಟೆಯ ಕಪಾಟು, ಆಮೇಲೆ ಅಪ್ಪನ ಪುಸ್ತಕ, ಕೊನೆಗೆ ಅಟ್ಟ. ಎಲ್ಲವನ್ನೂ ಬರೆಸಿ ಫೋನು ಇಡುವ ಹೊತ್ತಿಗೆ, “ಅಮ್ಮಾ, ಟೀವಿ ಮಾತ್ರ ತರಬ್ಯಾಡ. ಇಲ್ಲೆ ಎರಡು ಅವ,” ಎಂದ.

ಒರಳು ಬೇಡವೆಂದಾಗ ನನಗೇನೂ ಅನ್ನಿಸಿರಲಿಲ್ಲ. ತಾಮ್ರದ ಹಂಡೆ ಬೇಡವೆಂದಾಗಲೂ ಸುಮ್ಮನಿದ್ದೆ. ಟೀವಿ ಬೇಡವೆಂದಾಗ ಮಾತ್ರ ಕಸಿವಿಸಿಯಾಯಿತು. ಇದನ್ನು ಹೇಳಿಕೊಳ್ಳಲು ನಾಚಿಕೆಪಟ್ಟು ಪ್ರಯೋಜನವಿಲ್ಲ. ನಾನು ಟೀವಿಯ ಹುಚ್ಚಿನ ಹೆಂಗಸು. ತವರಿನಲ್ಲಿದ್ದಾಗ ‘ಹಮ್ ಲೋಗ್’ ನೋಡಲು ಓಣಿಯ ತುದಿಯ ಮನೆಗೆ ಹೋಗುತ್ತಿದ್ದೆ. ಆಮೇಲೆ ‘ಬುನಿಯಾದ್’, ‘ಮಾಲ್ಗುಡಿ ಡೇಸ್’, ‘ಗುಡ್ಡದ ಭೂತ’. 1998ರಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬಂದಾಗ ಅದರ ಹೊತ್ತಿಗೆ ಯಾರಾದರೂ ಮನೆಗೆ ಬಂದರೆ ಚಹಾ ಕೂಡ ಕೊಡುತ್ತಿರಲಿಲ್ಲ. ನಮ್ಮದು ಗಡಿಯ ಊರಾದ್ದರಿಂದ ಮರಾಠಿ ಧಾರಾವಾಹಿಗಳೂ ಸೇರಿಕೊಂಡವು. ಸಂಜೆ ದೇವರ ಮುಂದೆ ದೀಪ ಹಚ್ಚಿ ಕುಳಿತರೆ ರಾತ್ರಿ ಹತ್ತಕ್ಕೇ ಏಳುವುದು. ನಡುವೆ ಜಾಹೀರಾತು ಬಂದಾಗ ಒಗ್ಗರಣೆ, ಮತ್ತೊಂದು ಜಾಹೀರಾತಿಗೆ ಅನ್ನ ಇಳಿಸುವುದು. ಯಾವ ಅಡಿಗೆಗೆ ಎಷ್ಟು ಜಾಹೀರಾತು ಬೇಕು ಎನ್ನುವುದು ನನಗೆ ಬಾಯಿಪಾಠ. ಹಾಗೆಂದು ಅನ್ನ ಸೀದಿಲ್ಲವೆಂದಲ್ಲ.

ಅಳುವುದೂ ಅಷ್ಟೇ. ಪರದೆಯ ಮೇಲೆ ಯಾರಿಗೋ ಕಷ್ಟ ಬಂದರೆ ನನ್ನ ಸೆರಗು ಕಣ್ಣಿಗೆ ಹೋಗುತ್ತದೆ. ನಮ್ಮವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಓದುವುದೆಲ್ಲ ತತ್ವಶಾಸ್ತ್ರ. ನಾನು ಅತ್ತಾಗಲೆಲ್ಲ ಪೇಪರು ಮಡಿಸಿ, “ಏನು, ರಶಿಯಾದ ಬಾಯಾರು ಮತ್ತ ಶುರು ಮಾಡಿದ್ರೇನು?” ಎನ್ನುವರು. ಅದು ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಪಂಡಿತ 1890ರ ತನ್ನ ಮನಶ್ಶಾಸ್ತ್ರದ ದೊಡ್ಡ ಗ್ರಂಥದಲ್ಲಿ ಹೇಳಿದ ಮಾತಂತೆ. ರಶಿಯಾದ ಶ್ರೀಮಂತ ಹೆಂಗಸೊಬ್ಬಳು ನಾಟಕ ಮಂದಿರದೊಳಗೆ ಕುಳಿತು ಪಾತ್ರಗಳ ದುಃಖಕ್ಕೆ ಕಣ್ಣೀರು ಸುರಿಸುತ್ತಾಳೆ. ಹೊರಗೆ ಹಿಮದಲ್ಲಿ ಆಕೆಯ ಗಾಡಿಯವನು ಕುಳಿತಲ್ಲೇ ಚಳಿಗೆ ಹೆಪ್ಪುಗಟ್ಟಿ ಸಾಯುತ್ತಿರುತ್ತಾನೆ. ನಮ್ಮವರು ಇದನ್ನು ಎಷ್ಟು ಸಲ ಹೇಳಿದರೋ ಅಷ್ಟು ಸಲ ನಾನು, “ನನ್ನ ಟಾಂಗಾ ಎಲ್ಲೆ ಅದ, ತೋರಿಸ್ರಿ. ಹೋಗಿ ಅವಗ ಕಂಬಳಿ ಹೊದಿಸಿ ಬರ್ತೀನಿ,” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಅವರು ತೀರಿಕೊಂಡು ಏಳು ವರ್ಷವಾಯಿತು. ಆ ಮಾತಿಗೆ ಈಗ ಬೇರೆ ಉತ್ತರ ಹುಡುಕಬೇಕಾಗಿ ಬಂದಿದೆ, ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಖಾಸಬಾಗ ನೋಡದವರಿಗೆ ಒಂದು ಮಾತು. ಇದು ಬೆಳಗಾವಿಯ ದಕ್ಷಿಣ ಭಾಗ. ಅತ್ತ ಶಹಾಪುರ, ಇತ್ತ ವಡಗಾವಿ. ಶಹಾಪುರ ಹಿಂದೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಅಲ್ಲಿಯ ಸೀರೆಗೆ ಹೆಸರಿತ್ತು. ನಮ್ಮ ಖಾಸಬಾಗದ ಹೆಸರಿನಲ್ಲಿ ತೋಟವಿದೆ, ಅದೂ ಖಾಸಾ ತೋಟ. ನಾನು ಬಂದ ಮೇಲೆ ಕಂಡದ್ದು ರವಿವಾರದ ಸಂತೆಯ ಕಾಯಿಪಲ್ಯ ಮಾತ್ರ. ಉಳಿದಂತೆ ಓಣಿಯೆಲ್ಲ ಮಗ್ಗ. ಮನೆಯ ಮುಂದಿನ ಅರ್ಧದಲ್ಲಿ ಮಗ್ಗ, ಹಿಂದಿನ ಅರ್ಧದಲ್ಲಿ ಸಂಸಾರ. ನಮ್ಮ ಗೋಡೆಗೆ ಹತ್ತಿದ ಮನೆಯಲ್ಲಿ ವಿದ್ಯುತ್ ಮಗ್ಗ ನಾಲ್ಕು. 1985ರಲ್ಲಿ ಮದುವೆಯಾಗಿ ಬಂದ ಮೊದಲ ವಾರ ಆ ಖಟಾಖಟಿಗೆ ನನಗೆ ನಿದ್ದೆಯೇ ಬರಲಿಲ್ಲ. ಎರಡನೆಯ ವಾರದಿಂದ ಅದು ನಿಂತರೆ ಎಚ್ಚರವಾಗತೊಡಗಿತು. ಟೀವಿ ಬಂದ ಮೇಲೆ ಮಗ್ಗದ ಸದ್ದಿಗೆ ಸರಿಯಾಗಿ ಅದರ ದನಿ ಏರಿಸಿಟ್ಟೆ. ಅಂದಿನಿಂದ ನನ್ನ ಟೀವಿ ಜೋರು. ಪುಣೆಯಿಂದ ಮೊಮ್ಮಗಳು ಬಂದಾಗಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಾಳೆ.

ಆ ಮಗ್ಗದ ಮನೆಯ ಹೆಂಗಸು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಾನು ಅಕ್ಕಾ ಎನ್ನುತ್ತೇನೆ. ಅವಳು ನಮ್ಮವರನ್ನು ಅಣ್ಣಾರ ಎಂದು ಕರೆಯುತ್ತಿದ್ದಳು, ಹಾಗಾಗಿ ನಾನು ವೈನಿ. ಸಂಬಂಧ ಹೀಗೆ ಬಾಯಿಯಿಂದ ಹತ್ತಿರವಾಗಿದ್ದರೂ ಮೊದಲ ಎರಡು ವರ್ಷ ಅವಳು ನಮ್ಮ ಹೊಸ್ತಿಲು ದಾಟಿರಲಿಲ್ಲ. ನಮ್ಮ ಅತ್ತೆಯವರದು ಕಡುಮಡಿ. ಓಣಿಯ ಹೆಂಗಸರು ಬಂದರೆ ಕಟ್ಟೆಯ ಮೇಲೆ ಕುಳ್ಳಿರಿಸಿ ಮಾತಾಡುವುದು, ಅರಿಸಿನ ಕುಂಕುಮವನ್ನು ಅಲ್ಲಿಗೇ ಒಯ್ದು ಕೊಡುವುದು. ಅದು ತಪ್ಪೆಂದು ನನಗೆ ಗೊತ್ತಿತ್ತು. ಲಿಂಗರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದವಳು ನಾನು. ಆದರೂ ಬಾಯಿ ಬಿಡಲಿಲ್ಲ. ಆ ಹೊಸ್ತಿಲನ್ನು ದಾಟಿಸಿದ್ದು ನನ್ನ ಬಿ.ಎ. ಅಲ್ಲ, ಟೀವಿ.

1986ರ ದೀಪಾವಳಿಗೆ ನಮ್ಮವರು ಕಂತಿನ ಮೇಲೆ ಡಯನೋರಾ ಪೆಟ್ಟಿಗೆ ತಂದರು. ಕಪ್ಪು ಬಿಳುಪು. ಎರಡೂ ಕಡೆಯಿಂದ ಸರಿಸಿ ಮುಚ್ಚುವ ಮರದ ಬಾಗಿಲು, ಅದಕ್ಕೆ ಕೀಲಿ. ಮರುವರ್ಷ ಜನವರಿ 25ರಂದು ರಾಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು, ಪ್ರತಿ ರವಿವಾರ ಬೆಳಿಗ್ಗೆ ಒಂಬತ್ತೂವರೆಗೆ. ಮೊದಲ ವಾರ ಓಣಿಯ ಮಕ್ಕಳು ಕಿಟಕಿಗೆ ಜೋತುಬಿದ್ದರು. ಎರಡನೆಯ ವಾರ ಹೆಂಗಸರು ಕಟ್ಟೆಯ ಮೇಲೆ ನಿಂತರು. ಕಟ್ಟೆಯಿಂದ ರಾಮನ ಕಿರೀಟವಷ್ಟೇ ಕಾಣುತ್ತಿತ್ತು. ಅತ್ತೆಯವರು ಟೀವಿಗೆ ಅರಿಸಿನ ಕುಂಕುಮ ಏರಿಸಿ, ಊದಿನಕಡ್ಡಿ ಹಚ್ಚಿ ಕುಳಿತಿದ್ದರು. ಅವರ ಸಂಕಟ ಅವರ ಮುಖದ ಮೇಲೇ ಬರೆದಿತ್ತು. ಮಡಿ ಬಿಡುವ ಹಾಗಿಲ್ಲ, ರಾಮನ ದರ್ಶನಕ್ಕೆ ಬಂದವರನ್ನು ಹೊರಗೆ ನಿಲ್ಲಿಸುವ ಹಾಗೂ ಇಲ್ಲ. ಮೂರನೆಯ ವಾರ ಬಾಗಿಲ ಕಡೆ ನೋಡದೆ, “ಒಳಗ ಬಂದು ಕೂಡ್ರಿರಿ, ಅಡ್ಡ ನಿಂತು ಬೆಳಕು ತಡೀಬ್ಯಾಡ್ರಿ,” ಎಂದುಬಿಟ್ಟರು. ನಮ್ಮ ಪಡಸಾಲೆಯಲ್ಲಿ ಅಂದು ಇಪ್ಪತ್ತೆಂಟು ಜನ. ಎಣಿಸಿದ್ದೇನೆ, ಯಾಕೆಂದರೆ ಆಮೇಲೆ ಚಹಾ ಮಾಡಿದವಳು ನಾನು.

ಅಕ್ಕನಿಗೆ ಹಿಂದಿ ಬರುತ್ತಿರಲಿಲ್ಲ. ಅತ್ತೆಯವರಿಗೂ ಬರುತ್ತಿರಲಿಲ್ಲ. ಆದರೆ ಕಥೆ ಗೊತ್ತಿತ್ತಲ್ಲ, ಪಾತ್ರ ಬಾಯಿ ತೆರೆಯುವ ಮೊದಲೇ ಅತ್ತೆ ಅದರ ಮಾತನ್ನು ಹೇಳಿಬಿಡುತ್ತಿದ್ದರು. ಒಂಬತ್ತು ಇಪ್ಪತ್ತೈದಕ್ಕೆ ಅಕ್ಕನ ಗಂಡ ನಾಲ್ಕೂ ಮಗ್ಗ ಬಂದ್ ಮಾಡುತ್ತಿದ್ದ. ಸದ್ದಿಗಾಗಿ ಅಷ್ಟೇ ಅಲ್ಲ, ಮಗ್ಗ ನಡೆದರೆ ಕರೆಂಟು ಬಗ್ಗಿ ಚಿತ್ರ ಕುಣಿಯುತ್ತಿತ್ತು. ರಾಮಾಯಣಕ್ಕಾಗಿ ಒಂದು ತಾಸಿನ ಕೂಲಿ ಬಿಡುತ್ತಿದ್ದರು ಎಂದು ಆಗ ನನಗೆ ಹೊಳೆಯಲಿಲ್ಲ. ಸೀರೆಯ ಲೆಕ್ಕದ ಮೇಲೆ ಕೂಲಿ. ಮಗ್ಗ ನಿಂತರೆ ಕೂಲಿ ನಿಂತಂತೆ. 1988ರ ಜುಲೈ ಕೊನೆಗೆ ಪಟ್ಟಾಭಿಷೇಕವಾಗಿ ಕಥೆ ಮುಗಿದಾಗ ಜನ ಒಪ್ಪಲಿಲ್ಲ. ಉತ್ತರಕಾಂಡವನ್ನೂ ತೋರಿಸಬೇಕೆಂದು ಪಂಜಾಬದ ಜಾಲಂಧರದಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದ್ದರು. ನಮ್ಮ ಓಣಿಯಲ್ಲಿ ಮುಷ್ಕರವೇನೂ ಆಗಲಿಲ್ಲ. ಅಕ್ಟೋಬರಿನಲ್ಲಿ ‘ಮಹಾಭಾರತ’ ಬಂತು, ಅದೇ ಚಾಪೆಯ ಮೇಲೆ ಅವೇ ಹೆಂಗಸರು. ಅಷ್ಟರಲ್ಲಿ ಅಕ್ಕ ನಮ್ಮ ಅಡಿಗೆಮನೆಯ ತನಕ ಬಂದಾಗಿತ್ತು. ಅತ್ತೆಯವರ ಕೊನೆಯ ಕಾಯಿಲೆಯಲ್ಲಿ ಅವರ ಕಾಲು ಒತ್ತಿದವಳು ಅವಳೇ.

ಟೀವಿಯಿಂದ ಮನೆ ಹಾಳಾಯಿತು, ಹೆಂಗಸರು ಕೆಟ್ಟರು ಎಂದು ಭಾಷಣ ಮಾಡುವವರು ನಮ್ಮ ಕಡೆ ಬಹಳ. ಅವರಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡುವ ಗಂಡಸರು. ಅವರಿಗೆ ನಾನು ಈ ಹೊಸ್ತಿಲಿನ ಕಥೆ ಹೇಳುತ್ತ ಬಂದಿದ್ದೇನೆ. ಆದರೆ ಕಥೆಯ ಉಳಿದರ್ಧವನ್ನು ಹೇಳಿರಲಿಲ್ಲ.

1996ರಲ್ಲಿ ಅಕ್ಕನ ಮನೆಗೆ ಬಣ್ಣದ ಟೀವಿ ಬಂತು. ನಮ್ಮದಿನ್ನೂ ಕಪ್ಪು ಬಿಳುಪು. ಪೇಢೆ ಕೊಡಲು ಬಂದಾಗ, “ಇನ್ನ ನಿಮಗ ತ್ರಾಸ ಕೊಡೂದಿಲ್ರಿ ವೈನಿ,” ಎಂದಳು. ಎಷ್ಟು ಸಹಜವಾದ ಮಾತು. ಅವಳಿಗೆ ಒಳ್ಳೆಯದಾದದ್ದಕ್ಕೆ ಸಂತೋಷವೇ ಆಯಿತು. ಆದರೆ ಆ ಸಂಜೆ ಪಡಸಾಲೆ ದೊಡ್ಡದಾಗಿ ಕಂಡಿತು. ಮರುವರ್ಷ ನಾವೂ ಬಣ್ಣದ್ದು ತಂದೆವು. ಕೇಬಲ್ ಬಂತು, ಉದಯ ಬಂತು, ಈಟೀವಿ ಬಂತು. ಮೊದಲು ವಾರಕ್ಕೊಮ್ಮೆ ಇದ್ದದ್ದು ದಿನಕ್ಕೆ ಆರಾಯಿತು. ಗೋಡೆಯ ಈ ಕಡೆ ನಾನು, ಆ ಕಡೆ ಅಕ್ಕ, ಎಷ್ಟೋ ಸಲ ಒಂದೇ ಧಾರಾವಾಹಿ ನೋಡುತ್ತಿದ್ದೆವು. ಹಾಡು ಆಚೆಯಿಂದ ಒಂದು ಸಲ, ಈಚೆಯಿಂದ ಒಂದು ಸಲ ಕೇಳುತ್ತಿತ್ತು. ಬೆಳಿಗ್ಗೆ ನೀರು ಹಿಡಿಯುವಾಗ ಅದರದೇ ಮಾತು. ಆ ಹುಡುಗಿಗೆ ಹಾಗಾಗಬಾರದಿತ್ತು, ಆ ಅತ್ತೆಯ ನಾಲಿಗೆ ಕತ್ತರಿಸಬೇಕು, ಇತ್ಯಾದಿ. ಈಗ ಯೋಚಿಸಿದರೆ ಹತ್ತಿಪ್ಪತ್ತು ವರ್ಷ ನಾವಿಬ್ಬರೂ ದಿನವೂ ಮಾತಾಡಿದ್ದೇವೆ, ನಮ್ಮಿಬ್ಬರ ಬಗ್ಗೆ ಮಾತ್ರ ಆಡಿಲ್ಲ.

2020ರ ಮಾರ್ಚ್ 25ಕ್ಕೆ ದೇಶಕ್ಕೆ ಬೀಗ ಬಿತ್ತು. ಮೂರೇ ದಿನಕ್ಕೆ ದೂರದರ್ಶನ ಹಳೆಯ ರಾಮಾಯಣವನ್ನು ಮತ್ತೆ ತೋರಿಸತೊಡಗಿತು, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ನಮ್ಮವರಿಲ್ಲದ ಮನೆಯಲ್ಲಿ ನಾನೊಬ್ಬಳೇ ಕುಳಿತು ನೋಡಿದೆ. ಅದೇ ರಾಮ, ಅದೇ ಸೀತೆ, ಅವರಿಗೆ ವಯಸ್ಸಾಗಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸುವುದಿಲ್ಲ, ಹಾಸಿದರೂ ಯಾರೂ ಬರುವ ಹಾಗಿಲ್ಲ. ಬಾಗಿಲು ಹಾಕಿಕೊಂಡಿರುವುದೇ ಆಗ ಸದಾಚಾರ. ಒಂದು ರಾತ್ರಿ ಟೀವಿ ಹಚ್ಚಿದರೆ ಎದೆ ಝಲ್ಲೆನ್ನುವಷ್ಟು ಜೋರು. ರಿಮೋಟು ಕೆಟ್ಟಿತೆಂದುಕೊಂಡೆ. ದನಿ ಇಳಿಸಿದೆ, ಮತ್ತೂ ಇಳಿಸಿದೆ. ಆಮೇಲೆ ತಿಳಿಯಿತು, ಟೀವಿ ಎಂದಿನಷ್ಟೇ ಇದೆ, ಮಗ್ಗ ನಿಂತಿವೆ. ನಿಂತು ಎಷ್ಟು ದಿನವಾಗಿತ್ತು? ನನಗೆ ಗೊತ್ತಿಲ್ಲ. ಸದ್ದು ನಿಂತರೆ ನಿದ್ದೆಯಿಂದ ಏಳುತ್ತಿದ್ದವಳು ನಾನು.

ಏಪ್ರಿಲ್ 19ರಿಂದ ಉತ್ತರ ರಾಮಾಯಣ ಶುರುವಾಯಿತು, ರಾತ್ರಿ ಒಂಬತ್ತಕ್ಕೆ. ಅದರಲ್ಲಿ ಒಂದು ರಾತ್ರಿ, ಸೀತೆ ಕಾಡಿಗೆ ಹೊರಟಿದ್ದಳು. ನಾನು ಅಳುತ್ತ ಕುಳಿತಿದ್ದೆ. ಕಿಟಕಿಯಲ್ಲಿ ನೆರಳು ಕಂಡಿತು. ನೋಡಿದರೆ ಅಕ್ಕ, ಸೆರಗನ್ನು ಮೂಗಿನ ಮೇಲೆ ಕಟ್ಟಿಕೊಂಡಿದ್ದಾಳೆ. “ಐದು ಮಿನಿಟು ಅಕ್ಕಾ, ಜಾಹೀರಾತು ಬರಲಿ, ಬಂದೆ,” ಎಂದೆ. ಅವಳು ತಲೆ ಆಡಿಸಿದಳು. ಜಾಹೀರಾತು ಬಂದಾಗ ಎದ್ದು ಬಾಗಿಲು ತೆಗೆದೆ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಮರುದಿನ ನಳದ ಹತ್ತಿರ ಕೇಳಿದೆ, “ನಿನ್ನೆ ಯಾಕ ಬಂದಿದ್ದಿ?” “ಏನಿಲ್ ಬಿಡ್ರಿ ವೈನಿ, ಹಂಗ ಬಂದಿದ್ದೆ.” ನಾನೂ ಬಿಟ್ಟೆ. ಹಂಗ ಬರುವ ಕಾಲವೇ ಅದು, ಓಣಿಯಲ್ಲಿ ಪೊಲೀಸರು ತಿರುಗುತ್ತಿದ್ದಾಗ?

ಕೆಲವು ತಿಂಗಳ ನಂತರ ಗೋಡೆಯಾಚೆ ಮತ್ತೆ ಖಟಾಖಟಿ ಶುರುವಾಯಿತು. ಸ್ವಲ್ಪ ಮೆಲ್ಲಗೆ ಕೇಳಿಸಿತು. ನನಗೆ ಕಿವಿ ಮಂದವಾಗಿದೆ ಎಂದುಕೊಂಡೆ.

ಇನ್ನು ಈ ಹನ್ನೊಂದು ದಿನದ ಕಥೆ. ಬಾಡಿಗೆಯ ಮನೆ, ಮಾಲಕರು ಬಿಲ್ಡರನಿಗೆ ಕೊಟ್ಟಿದ್ದಾರೆ, ಅದರಲ್ಲಿ ಜಗಳವೇನಿಲ್ಲ. ಸುದ್ದಿ ಕೇಳಿದ ಮಧ್ಯಾಹ್ನವೇ ಅಕ್ಕ ಬಂದು ಪಾತ್ರೆಗಳಿಗೆ ಪೇಪರು ಸುತ್ತತೊಡಗಿದಳು. ನಾಲ್ಕನೆಯ ದಿನ ನನ್ನ ಒಡವೆಯ ಡಬ್ಬಿ ತೆಗೆದು, ಸೊಸೆಗೆ ಯಾವುದು, ಮೊಮ್ಮಗಳಿಗೆ ಯಾವುದು ಎಂದು ಇಬ್ಬರೂ ನೋಡುತ್ತ ಕುಳಿತೆವು. ಒಂದು ಸರವನ್ನು ಎತ್ತಿ ಹಿಡಿದು, “ಇದು ನೋಡು, ಆ ಧಾರಾವಾಹಿಯ ದೊಡ್ಡ ಸೊಸಿ ಹಾಕ್ಕೋತಾಳಲ್ಲ, ಹಂತಾದ್ದು,” ಎಂದೆ. ಆ ದೊಡ್ಡ ಸೊಸೆಯ ಎಲ್ಲ ಸರಗಳೂ ನನಗೆ ಗೊತ್ತು. ಸೀಮಂತದ ದಿನ ಹಾಕಿದ್ದು ಯಾವುದು, ಗಂಡ ಸಿಟ್ಟಾದ ದಿನ ತೆಗೆದಿಟ್ಟದ್ದು ಯಾವುದು ಎನ್ನುವ ತನಕ ಹೇಳಬಲ್ಲೆ. ಹೇಳುತ್ತ ಅಕ್ಕನ ಕೊರಳಿಗೆ ನನ್ನ ಕಣ್ಣು ಹೋಯಿತು. ತಾಳಿಯ ದಾರ ಬಿಟ್ಟರೆ ಬರಿಗೊರಳು. ಅವಳ ತವರಿನವರು ಹಾಕಿದ ಬೋರಮಾಳ ಅಲ್ಲಿರಲಿಲ್ಲ. ಮೂವತ್ತು ವರ್ಷ ದಿನವೂ ಕಂಡ ಬೋರಮಾಳ.

“ಬೋರಮಾಳ ಎಲ್ಲೇ ಅಕ್ಕಾ?”

ಅವಳು ನಕ್ಕುಬಿಟ್ಟಳು. “ಈಗ ಕಂಡಿತೇನ್ರಿ ವೈನಿ? ಅದು ಹೋಗಿ ಐದ ವರ್ಸಾತು.”

ಆಮೇಲೆ ಒಂದೊಂದಾಗಿ ಹೇಳಿದಳು, ಪೇಪರು ಸುತ್ತುತ್ತಲೇ. 2019ರ ಆಗಸ್ಟಿನ ಮಳೆಗೆ ಮನೆಯೊಳಗೆ ನೀರು ಬಂದು ನೂಲು ತೊಯ್ದದ್ದು, ಅದಕ್ಕೆ ಮಾಡಿದ ಸಾಲ. ಮರುವರ್ಷ ಎಲ್ಲ ಬಂದಾದಾಗ ನೂಲು ಬರುವುದೂ ನಿಂತು, ನೇಯ್ದ ಸೀರೆ ಒಯ್ಯುವವರೂ ಇಲ್ಲವಾದದ್ದು. ಗಂಡನ ಔಷಧಿ. ಸಾವಕಾರನ ಹತ್ತಿರ ಹೋಗುವ ಬದಲು ಬೋರಮಾಳವನ್ನು ನನ್ನ ಹತ್ತಿರ ಇಟ್ಟು ಹತ್ತು ಸಾವಿರ ಕೇಳೋಣವೆಂದು ಆ ರಾತ್ರಿ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಮುಂದೆ ಬೋರಮಾಳವೂ ಸಾಲದೆ ನಾಲ್ಕರಲ್ಲಿ ಎರಡು ಮಗ್ಗವನ್ನು ಮೋಡಕಾದವನಿಗೆ ತೂಕದ ಮೇಲೆ ಕೊಟ್ಟದ್ದು. ಮೆಲ್ಲಗೆ ಕೇಳಿಸಿದ್ದು ನನ್ನ ಕಿವಿಯ ದೋಷವಲ್ಲ.

“ಹಂಗಾರ ಹೊಂಟ್ಯಾಕ ಹೋದಿ? ಐದು ಮಿನಿಟು ಅಂದಿದ್ನೆಲ್ಲ!” ನನ್ನ ದನಿಯಲ್ಲಿ ಸಿಟ್ಟು ಬಂದಿತ್ತು. ಯಾರ ಮೇಲಿನ ಸಿಟ್ಟೋ.

“ನಾನೂ ಕಿಡಕ್ಯಾಗಿಂದ ನೋಡಕೋತ ನಿಂತಿದ್ನಿರಿ. ನೀವು ಅಳಾಕತ್ತಿದ್ರಿ. ಅಳೋರ ಮುಂದ ರೊಕ್ಕ ಹೆಂಗ ಕೇಳೂದ್ರಿ ವೈನಿ?”

ಇದರಲ್ಲಿ ಕೊಂಕಿಲ್ಲ, ಚುಚ್ಚುಮಾತಿಲ್ಲ. ಅವಳಿಗೆ ಹಾಗೆಯೇ ಅನ್ನಿಸಿತ್ತು. ದುಃಖದಲ್ಲಿದ್ದವರಿಗೆ ತನ್ನ ದುಃಖ ಹೇಳಬಾರದೆಂಬ ಮರ್ಯಾದೆ. ರಶಿಯಾದ ಗಾಡಿಯವನು ಬಾಗಿಲಿನಲ್ಲಿ ಇಣುಕಿ, ಬಾಯಾರು ಅಳುತ್ತಿದ್ದಾರೆ, ತೊಂದರೆ ಕೊಡಬಾರದು ಎಂದು ಮತ್ತೆ ಹಿಮದಲ್ಲಿ ಹೋಗಿ ಕುಳಿತಂತೆ. ಜೇಮ್ಸ್ ಪಂಡಿತನಿಗೆ ಇದು ಹೊಳೆದಿರಲಿಕ್ಕಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ನನ್ನದೇ, ಆದರೆ ತಪ್ಪು ಎಲ್ಲಿದೆ ಎಂದು ಹುಡುಕಿದೆ. ಸೀತೆಗಾಗಿ ಅತ್ತದ್ದು ತಪ್ಪೇ? ಬಿ.ಎ.ಗೆ ತೀ.ನಂ.ಶ್ರೀ.ಯವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದ್ದೆ. ನಮ್ಮವರ ಟ್ರಂಕಿನಲ್ಲಿ ಅದು ಸಿಕ್ಕಿತು, ಬೆಳ್ಳಿಮೀನು ತಿಂದು ಜಾಳಿಗೆಯಾಗಿದೆ. ನಾಟಕ ನೋಡುವವನ ದುಃಖ ಅವನ ಸ್ವಂತದ ದುಃಖವಲ್ಲ, ಸೀತೆಯದೂ ಅಲ್ಲ, ಯಾರೊಬ್ಬರದೂ ಆಗದೆ ಎಲ್ಲರದೂ ಆಗುತ್ತದೆ ಎಂದು ಭಟ್ಟನಾಯಕ, ಅಭಿನವಗುಪ್ತರಂಥವರು ಹೇಳಿದ್ದಾರೆ. ಸಾಧಾರಣೀಕರಣ. ಹಾಗಾಗಿ ಶೋಕ ಕರುಣರಸವಾಗುತ್ತದೆ, ರಸವೆಂದರೆ ಆನಂದ. ಓದುವಾಗ ಇದು ಎಂಥ ಸಮಾಧಾನದ ಮಾತೆನಿಸಿತ್ತು. ಈಗ ಬೇರೆ ಅರ್ಥ ಕಂಡಿತು. ಅದು ಆನಂದವಾದರೆ, ನಾನು ಅತ್ತದ್ದು ಚಹಾ ಕುಡಿದ ಹಾಗೆ, ಹಾಡು ಕೇಳಿದ ಹಾಗೆ. ಚಹಾ ಕುಡಿಯುವುದು ತಪ್ಪಲ್ಲ. ಆದರೆ ಚಹಾ ಕುಡಿದು, ನಾನೆಷ್ಟು ಮೃದು ಮನಸ್ಸಿನವಳು ಎಂದು ಯಾರೂ ಅಂದುಕೊಳ್ಳುವುದಿಲ್ಲ. ನಾನು ಅಂದುಕೊಂಡಿದ್ದೆ. ನಲವತ್ತು ವರ್ಷದ ಕಣ್ಣೀರನ್ನು ನನ್ನ ಒಳ್ಳೆಯತನದ ಖಾತೆಗೆ ಜಮಾ ಮಾಡುತ್ತ ಬಂದಿದ್ದೆ. ಫ್ರೆಂಚ್ ಭಾಷೆಯ ರೂಸೋ 1758ರಲ್ಲಿ ನಾಟಕ ಮಂದಿರಗಳ ವಿರುದ್ಧ ಬರೆದ ದೀರ್ಘ ಪತ್ರದಲ್ಲಿ ಇದನ್ನೇ ಆಕ್ಷೇಪಿಸಿದ್ದ ಎಂದು ನಮ್ಮವರು ಹೇಳುತ್ತಿದ್ದರು. ಕಟ್ಟುಕಥೆಗೆ ಕಣ್ಣೀರು ಹಾಕಿದವನಿಗೆ ತನ್ನ ಕರ್ತವ್ಯ ಮುಗಿಯಿತೆಂಬ ಭ್ರಮೆ, ಖರ್ಚಿಲ್ಲದ ಪುಣ್ಯ. ರೂಸೋನ ಪರಿಹಾರ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅವನಿಗೆ ನಾಟಕ ಮಂದಿರವೇ ಬೇಡ. ನಾಟಕವಿಲ್ಲದಿದ್ದರೆ ನಮ್ಮ ಹೊಸ್ತಿಲು ಹಾಗೇ ಉಳಿಯುತ್ತಿತ್ತು. ಟೀವಿ ಇಲ್ಲದ ನಮ್ಮ ಅತ್ತೆಯವರು ಅಕ್ಕನನ್ನು ಕಟ್ಟೆಯ ಮೇಲೆ ಕುಳ್ಳಿರಿಸಿದ್ದರಲ್ಲ, ಅದಕ್ಕೆ ಯಾವ ಪೆಟ್ಟಿಗೆಯನ್ನು ದೂರೋಣ?

ಇನ್ನೊಂದು ಮಾತು ನೆನಪಾಗಿ ಎದ್ದು ಕುಳಿತೆ. ಸೀತೆ ಕಾಡಿನಲ್ಲಿ ಒಂಟಿಯಾಗಿ ಅಳುತ್ತಿರುವಾಗ ಮುನಿಕುಮಾರರು ಹೋಗಿ ವಾಲ್ಮೀಕಿಗೆ ಹೇಳುತ್ತಾರೆ, ನದಿಯ ದಂಡೆಯಲ್ಲಿ ಯಾರೋ ಹೆಂಗಸು ಅಳುತ್ತಿದ್ದಾಳೆ ಎಂದು. ವಾಲ್ಮೀಕಿ ಎದ್ದು ಹೋಗುತ್ತಾನೆ. ತಾನೇ ಹೋಗಿ ಕರೆತಂದು ಆಶ್ರಮದಲ್ಲಿ ಇಟ್ಟುಕೊಳ್ಳುತ್ತಾನೆ. ಅವನು ಕವಿ, ಕ್ರೌಂಚದ ಶೋಕವನ್ನು ಶ್ಲೋಕ ಮಾಡಿದವನು. ಅವಳ ದುಃಖವನ್ನೂ ಕುಳಿತಲ್ಲೇ ಪದ್ಯ ಮಾಡಬಹುದಿತ್ತು. ಮೊದಲು ಎದ್ದ. ಈ ಕಥೆಯನ್ನು ನಾನು ಎಷ್ಟು ಸಲ ಓದಿದ್ದೇನೆ, ಎರಡು ಸಲ ಟೀವಿಯಲ್ಲಿ ನೋಡಿದ್ದೇನೆ. ಎದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಅತ್ತದ್ದೇ ಬಿದ್ದಿತ್ತು.

ಇಷ್ಟಾದರೂ ನನಗೆ ಪೂರ್ತಿ ಸ್ಪಷ್ಟವಾಗಿಲ್ಲ. ಟೀವಿ ಇಲ್ಲದಿದ್ದರೆ ಆ ರಾತ್ರಿ ನಾನು ಏನು ಮಾಡುತ್ತಿದ್ದೆ? ಒಂಬತ್ತಕ್ಕೆ ಮಲಗಿರುತ್ತಿದ್ದೆ. ಅಕ್ಕ ಕತ್ತಲೆಯ ಕಿಟಕಿ ನೋಡಿ ಹಿಂತಿರುಗುತ್ತಿದ್ದಳು. ಹತ್ತು ಸಾವಿರ ಕೇಳಿದ್ದರೆ ಕೊಡುತ್ತಿದ್ದೆನೆ? ಕೊಡುತ್ತಿದ್ದೆ ಎಂದು ಈಗ ಹೇಳುವುದು ಸುಲಭ. ಆಗ ಪಿಂಚಣಿ ಬರುತ್ತದೋ ಇಲ್ಲವೋ ಎಂದು ನನಗೂ ಹೆದರಿಕೆಯಿತ್ತು. ಮಗನನ್ನು ಕೇಳಿ ಹೇಳುತ್ತೇನೆ ಎನ್ನುತ್ತಿದ್ದೆನೋ ಏನೋ. ಇದೂ ಆ ಖಾತೆಯಲ್ಲಿ ಬರೆಯಬೇಕಾದ ಮಾತು.

ಮರುದಿನ ಆ ಸರವನ್ನು ಅಕ್ಕನ ಕೈಯಲ್ಲಿ ಇಡಲು ಹೋದೆ. ಅವಳು ಮುಟ್ಟಲಿಲ್ಲ. “ಅದು ನಿಮ್ಮ ಮೊಮ್ಮಗಳಿಗೆ ಅಂತ ನಿನ್ನೆ ತೆಗದಿಟ್ಟೀವಲ್ರಿ,” ಎಂದಳು. ಅಪರಾಧ ಮಾಡಿದವಳಿಗೆ ತೀರಿಸಲು ಅವಸರ, ಅವಳಿಗಿಲ್ಲ. ಅದರ ಬದಲು ಅಟ್ಟದ ಮೇಲಿದ್ದ ಹಳೆಯ ಡಯನೋರಾವನ್ನು ಕೇಳಿದಳು. ನಾನು ಬೆಪ್ಪಾದೆ. ಅದು ಕೆಟ್ಟು ಎಷ್ಟು ಕಾಲವಾಯಿತು. ಕೆಡದಿದ್ದರೂ ಆಂಟೆನಾಕ್ಕೆ ಏನೂ ಬರುವುದಿಲ್ಲ. ದೂರದರ್ಶನವೇ ತನ್ನ ಹಳೆಯ ಅನಲಾಗ್ ಪ್ರಸಾರವನ್ನು 2022ರ ಹೊತ್ತಿಗೆ ಬಹುತೇಕ ಮುಚ್ಚಿದೆ. “ಒಳಗಿಂದು ಮೋಡಕಾಕ್ಕ ಹಾಕೂನ್ರಿ. ಪೆಟಗಿ ಚೊಲೊ ಐತಿ, ಬಾಗಲಾ ಐತಿ, ಕಂಡಿಕಿ ಇಡಾಕ ಬರತೈತಿ. ಇಲಿ ಹೊಕ್ಕೂದಿಲ್ಲ.” ಅವಳ ಮಗ ಬಂದು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಹಿಂದೆ ನಮ್ಮವರು ಅದನ್ನು ಟಾಂಗಾದಲ್ಲಿ ಇಬ್ಬರು ಆಳು ಹಿಡಿಸಿಕೊಂಡು ತಂದಿದ್ದರು. ನನ್ನ ಹೊಸ ಟೀವಿಯನ್ನು ಹಾಲು ಹಾಕುವ ಹುಡುಗನಿಗೆ ಕೊಟ್ಟೆ. ಅವನ ಹೆಂಡತಿಗೂ ಹುಚ್ಚು ಇದೆಯಂತೆ. ನಾನೇನೂ ಬುದ್ಧಿ ಹೇಳಲಿಲ್ಲ.

ಒಂಬತ್ತನೆಯ ದಿನದ ಸಂಜೆ ದೀಪ ಹಚ್ಚಿ ಪಡಸಾಲೆಗೆ ಬಂದರೆ ಕೂಡ್ರಲು ಕುರ್ಚಿಯೂ ಇಲ್ಲ, ನೋಡಲು ಗೋಡೆಯಷ್ಟೇ. ಗೋಡೆಯ ಆಚೆ ಎರಡು ಮಗ್ಗ ನಡೆದಿದ್ದವು. ಕಿವಿಗೊಟ್ಟರೆ ಎರಡರ ನಡೆಯೂ ಬೇರೆ. ಒಂದು ಚುರುಕು, ಇನ್ನೊಂದು ನಡುವೆ ಒಮ್ಮೊಮ್ಮೆ ತಡವರಿಸುತ್ತದೆ. ಇಷ್ಟು ವರ್ಷ ಅದನ್ನು ಬರೀ ಸದ್ದೆಂದು ಕೇಳಿದ್ದೆ. ಅಷ್ಟರಲ್ಲಿ ಅಕ್ಕನ ದನಿ ಬಂತು, “ವೈನೀ, ಬರ್ರಿ, ಶುರು ಆತು.”

ಅವಳ ಮನೆಯೊಳಗೆ ಕುಳಿತು ಟೀವಿ ನೋಡಿದ್ದು ನನಗೆ ಅದೇ ಮೊದಲು. ಮಗ್ಗದ ಮಗ್ಗುಲಲ್ಲಿ ಕಿರಿದಾದ ಜಾಗ. ಚಾಪೆ ಹಾಸಿ, ಗೋಡೆಗೆ ಒರಗಲು ನನಗೊಂದು ದಿಂಬು ಇಟ್ಟಿದ್ದಳು. ಮೂಲೆಯಲ್ಲಿ ನಮ್ಮ ಡಯನೋರಾದ ಪೆಟ್ಟಿಗೆ, ಬಾಗಿಲು ತೆರೆದಿದೆ, ಚಿತ್ರದ ಗಾಜು ಇದ್ದ ಜಾಗದಲ್ಲಿ ಕೆಂಪು ಹಸಿರು ನೂಲಿನ ಕಂಡಿಕೆಗಳು. ಅವಳ ಗಂಡ ಕಂಬಳಿ ಹೊದ್ದು ಮಂಚದ ಮೇಲಿದ್ದ, ಕೈ ಮುಗಿದ. ಪರದೆಯ ಮೇಲೆ ದೊಡ್ಡ ಸೊಸೆ ಬಂದಳು. ಏನೋ ಹೇಳಿ ಬಿಕ್ಕಿದಳು. ಮಗ್ಗದ ಸದ್ದಿಗೆ ಒಂದು ಮಾತೂ ಕೇಳಿಸಲಿಲ್ಲ, ಬಾಯಿ ಆಡುವುದಷ್ಟೇ ಕಂಡಿತು.

ಅಕ್ಕ ನನ್ನ ಮುಖ ನೋಡಿ ಮಗನಿಗೆ ಕೈ ಎತ್ತಿದಳು. “ಬಂದ್ ಮಾಡ್ಸಲೇನ್ರಿ ವೈನಿ? ಒಂದ ಅರ್ಧಾ ತಾಸು. ಮದ್ಲ ಮಾಡತಿದ್ದೆವಲ್ಲ.”

“ಬ್ಯಾಡ ಅಕ್ಕಾ,” ಎಂದೆ. “ನಡೀಲಿ.”